ಮೂಲೆಯಲ್ಲಿ ನಿಂತು ತೆಗೆದ ಫೋಟೋ

ಇದನ್ನೆಲ್ಲ ಬರೆಯಲು ನೀನು ಯಾರು ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಅದಕ್ಕೇ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಓದಿದವಳು ನಾನು. ಪಾಠ ಕೇಳಿದ್ದು ಅರ್ಧ, ತೂಕಡಿಸಿದ್ದು ಅರ್ಧ. ಮೇಲಾಗಿ ಇದು ಅಕ್ಕನ ಮನೆಯೊಳಗಿನ ಮಾತು. ಹೊರಗೆ ಹಾಕುವುದು ಸರಿಯೇ ಎಂಬ ಅಳುಕು ಇನ್ನೂ ಹೋಗಿಲ್ಲ.

ಮಾರಾಟಕ್ಕಿರುವ ಮನೆಗಳ ಫೋಟೋ ತೆಗೆಯುವುದು ನನ್ನ ಕೆಲಸ. ಮನೆ ಮಾರಿಸಿಕೊಡುವ ಸಣ್ಣ ಆಫೀಸು ನಮ್ಮದು. ನಾನು ತೆಗೆದದ್ದನ್ನು ಜನ ಮೊಬೈಲಿನಲ್ಲಿ ನೋಡುತ್ತಾರೆ, ಮನಸ್ಸಿಗೆ ಬಂದರೆ ಮನೆ ನೋಡಲು ಬರುತ್ತಾರೆ. ಹೇಗೆ ತೆಗೆಯಬೇಕೆಂದು ಯಜಮಾನರೇ ಕಲಿಸಿದರು. ಕೋಣೆಯ ಮೂಲೆಗೆ ಬೆನ್ನು ಒತ್ತಿ ನಿಲ್ಲಬೇಕು. ಕ್ಯಾಮೆರಾ ಸೊಂಟದ ಮಟ್ಟಕ್ಕೆ ಇಳಿಯಬೇಕು. ದೀಪಗಳೆಲ್ಲ ಉರಿಯುತ್ತಿರಬೇಕು, ಬಾಗಿಲು ಗೋಡೆಗೆ ಅಂಟುವಷ್ಟು ತೆರೆದಿರಬೇಕು, ಬಕೆಟ್ಟು ಪೊರಕೆ ಕಣ್ಣಿಗೆ ಬೀಳಬಾರದು.

“ನಾವು ಸುಳ್ಳು ಹೇಳಲ್ಲಮ್ಮ,” ಎನ್ನುತ್ತಾರೆ ಯಜಮಾನರು. “ನಿಂತ್ಕೊಳ್ಳೋ ಜಾಗ ಮಾತ್ರ ನೋಡ್ಕೊಂಡು ನಿಂತ್ಕೋತೀವಿ.”

ಗೋಡೆಯ ಬಿರುಕು, ನೀರು ಇಳಿದ ಕಲೆ ಇಂಥದ್ದನ್ನು ಅಳಿಸಿಕೊಡು ಎಂದರೆ ನಾನು ಒಪ್ಪುವುದಿಲ್ಲ. ಅವರೂ ಒತ್ತಾಯ ಮಾಡುವುದಿಲ್ಲ. ಬಿರುಕು ಕಣ್ಣಿಗೆ ಬೀಳದ ಮೂಲೆ ಯಾವುದೆಂದು ಹುಡುಕಿಕೊಡುತ್ತಾರೆ, ಅಷ್ಟೆ.

ಅಕ್ಕ ಇದ್ದದ್ದು ಬೇರೆ ಊರಿನಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ಮೇಲಿನ ಮಹಡಿಯಲ್ಲಿ. ಅವಳ ಅತ್ತೆ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಗಾಲಿಕುರ್ಚಿ ಬಂತು. ಕೈಗಳು ಗಟ್ಟಿಯಾಗಿದ್ದವು, ಬಾಯಿ ಅದಕ್ಕಿಂತ ಗಟ್ಟಿ. ಅವರಿಗಿದ್ದದ್ದು ಒಂದೇ ಆಸೆ: ಯಾರ ಸಹಾಯವೂ ಇಲ್ಲದೆ ತಾವಾಗಿಯೇ ಬಾತ್‌ರೂಮಿಗೆ ಹೋಗಿ ಬರಬೇಕು. ಆ ಮನೆಯ ಬಾತ್‌ರೂಮಿಗೆ ಎತ್ತರದ ಹೊಸ್ತಿಲು. ಹೊತ್ತು ಹೊತ್ತಿಗೆ ಅಕ್ಕನೇ ಅವರನ್ನು ತಬ್ಬಿ ಎತ್ತಬೇಕು. “ನನ್ನ ಮದುವೇಲೂ ಇಷ್ಟು ತಬ್ಬಿಸ್ಕೊಂಡಿರ್ಲಿಲ್ಲ ಕಣೇ,” ಎಂದು ಅತ್ತೆ ನಗುತ್ತಿದ್ದರು. ನಕ್ಕಾದ ಮೇಲೆ ಗೋಡೆಯ ಕಡೆ ಮುಖ ಮಾಡುತ್ತಿದ್ದರು.

ಆ ಮನೆ ಮಾರಿ ನೆಲಮಹಡಿಯಲ್ಲಿ ಒಂದು ಮನೆ ಕೊಳ್ಳಬೇಕೆಂದು ತೀರ್ಮಾನವಾಯಿತು. ಕೊಳ್ಳುವುದಾದರೆ ತಂಗಿಯ ಊರಿನಲ್ಲೇ ಎಂದಳು ಅಕ್ಕ. ಒಂದು ದಿನ ಫೋನು ಮಾಡಿದಳು. ದನಿಯಲ್ಲಿ ಹಿಗ್ಗು.

“ಸಿಕ್ತು ಕಣೇ! ಫೋಟೋ ಕಳ್ಸಿದೀನಿ ನೋಡು. ಎಂಥಾ ಬೆಳಕು, ಎಷ್ಟು ಅಗಲ! ಹೊಸ್ತಿಲೇ ಇಲ್ಲ. ಕಿಟಕಿಗೆ ಯಾವ ಬಣ್ಣದ ಪರದೆ ಹಾಕೋದು ಅಂತ ಅತ್ತೆ ಆಗ್ಲೇ ಶುರು ಮಾಡಿದಾರೆ.”

“ಕೂಸು ಹುಟ್ಟೋಕೆ ಮುಂಚೆ ಕುಲಾವಿನಾ?” ಎಂದೆ.

ಫೋಟೋ ನೋಡಿದೆ. ಬೇರೆ ಆಫೀಸಿನವರದು. ಮೂಲೆಯಲ್ಲಿ ನಿಂತಿದ್ದಾರೆ, ಸೊಂಟದ ಮಟ್ಟ, ಉರಿಯುವ ದೀಪ. ಹಾಲಿನಲ್ಲಿದ್ದ ಸೋಫಾ ಕಂಪ್ಯೂಟರಿನಲ್ಲಿ ತಂದು ಕೂರಿಸಿದ್ದು. ಅದರ ಕಾಲಿಗೆ ನೆರಳಿರಲಿಲ್ಲ. ಹಾಗೆಂದು ಹೇಳಿದೆ.

ಭಾವ ಅಕ್ಕನ ಕೈಯಿಂದ ಫೋನು ತೆಗೆದುಕೊಂಡರು. “ಏನಮ್ಮ ಅನುಮಾನಮ್ಮ, ತಾ ಕಳ್ಳ ಪರರ ನಂಬ ಅಂತಾರಲ್ಲ, ಹಾಗಾಯ್ತು ನಿನ್ನ ಕತೆ. ಬಸ್ಸು ಓಡಿಸೋ ನನಗೆ ರಜ ಕೊಡಲ್ಲ, ನಿಮ್ಮಕ್ಕ ಅಮ್ಮನ್ನ ಬಿಟ್ಟು ಬರೋ ಹಾಗಿಲ್ಲ. ನೀನೇ ಹೋಗಿ ನೋಡ್ಕೊಂಡು ಬಾ. ನಿನ್ನ ಕಣ್ಣೇ ನಮ್ಮ ಕಣ್ಣು.”

ಹೋದೆ. ಮನೆ ಕೆಟ್ಟದ್ದೇನಲ್ಲ. ಹಾಲ್ ದಾಟಿದರೆ ಒಂದು ಪ್ಯಾಸೇಜು, ಅದರ ಕೊನೆಯಲ್ಲಿ ಪಕ್ಕಕ್ಕೆ ಬಾತ್‌ರೂಮಿನ ಬಾಗಿಲು. ಅಕ್ಕ ಹೇಳಿದ್ದ ಕುರ್ಚಿಯ ಅಗಲಕ್ಕೆ ಟೇಪು ಹಿಡಿದೆ. ಪ್ಯಾಸೇಜಿನಲ್ಲಿ ಕುರ್ಚಿ ನೇರವಾಗಿ ಹೋಗುತ್ತದೆ, ಬಾಗಿಲಿನಲ್ಲೂ ನೇರವಾಗಿ ನುಗ್ಗುತ್ತದೆ. ಆದರೆ ಆ ಕೊನೆಯಲ್ಲಿ ಅದು ಬಾಗಿಲ ಕಡೆ ತಿರುಗಬೇಕಲ್ಲ? ನಾನೇ ಬಗ್ಗಿ, ಕುರ್ಚಿಯಂತೆ ಮೊಣಕೈ ಅಗಲಿಸಿ ತಿರುಗಿ ನೋಡಿದೆ. ಮೊಣಕೈ ಗೋಡೆಗೆ ಉಜ್ಜಿತು.

ಅವರಿಗೂ ಕಾಣಲಿ ಎಂದು ನನ್ನ ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿದೆ. ಸಂಜೆ ಅಕ್ಕನ ಫೋನು ಬಂತು.

“ಅಯ್ಯೋ ಹುಚ್ಚಿ, ಅವರದಕ್ಕಿಂತ ನಿಂದೇ ಚೆನ್ನಾಗಿದೆ! ಆ ಪ್ಯಾಸೇಜಿನಲ್ಲಿ ಎರಡು ಕುರ್ಚಿ ಒಟ್ಟಿಗೆ ಹೋಗುತ್ತೆ ಅಂತಿದಾರೆ ಅತ್ತೆ.”

ಮೊಬೈಲು ತೆಗೆದು ನೋಡಿ ಹಣೆ ಚಚ್ಚಿಕೊಂಡೆ. ಬಾತ್‌ರೂಮಿನ ಒಳಮೂಲೆಗೆ ಬೆನ್ನು ಒತ್ತಿ ನಿಂತು ತೆಗೆದಿದ್ದೆ. ದೀಪ ಹಾಕಿದ್ದೆ, ಬಾಗಿಲನ್ನು ಗೋಡೆಗೆ ಅಂಟಿಸಿದ್ದೆ, ಅಲ್ಲಿದ್ದ ಬಕೆಟ್ಟನ್ನೂ ಸರಿಸಿದ್ದೆ. ಜಾಗವನ್ನು ಇದ್ದದ್ದಕ್ಕಿಂತ ಅಗಲವಾಗಿ ತೋರಿಸುವ ಗುಂಡಿ ಯಾವಾಗ ಒತ್ತಿದೆನೋ! ಬಾಗಿಲೂ ಪ್ಯಾಸೇಜೂ ಒಂದಾಗಿ ದೊಡ್ಡ ಕೋಣೆಯಂತೆ ಕಾಣುತ್ತಿತ್ತು.

“ಅಕ್ಕಾ, ಅದು ಫೋಟೋದಲ್ಲಿ ಹಾಗೆ ಕಾಣುತ್ತೆ. ಕುರ್ಚಿ ಅಲ್ಲಿ ತಿರುಗಲ್ಲ ಅನ್ಸುತ್ತೆ.”

“ಅನ್ಸುತ್ತೆ ಅಂದ್ರೆ? ಖಂಡಿತ ತಿರುಗಲ್ವಾ?”

ಖಂಡಿತ ಎಂಬ ಮಾತು ನನ್ನ ಬಾಯಿಂದ ಯಾವತ್ತೂ ಬಂದದ್ದಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರೂ “ಇರ್ಬೇಕು” ಎನ್ನುವವಳು ನಾನು. ಕುರ್ಚಿ ಇಲ್ಲದೆ ಮೊಣಕೈ ನಂಬಿ ಹೇಗೆ ಹೇಳಲಿ? “ಕಷ್ಟ ಅನ್ಸುತ್ತೆ,” ಎಂದೆ.

ಮರುದಿನ ಮತ್ತೆ ಹೋದೆ. ದೀಪ ಹಾಕದೆ, ನೆಟ್ಟಗೆ ನಿಂತು, ಪ್ಯಾಸೇಜನ್ನು ಇದ್ದ ಹಾಗೆಯೇ ತೆಗೆದೆ. ಕತ್ತಲು ಕತ್ತಲಾಗಿ ಬಂತು.

ಕಳಿಸಿದ್ದೇ ತಡ ಭಾವ ಫೋನು ಮಾಡಿ ನಕ್ಕರು. “ಇದೇನಮ್ಮ, ಬೇಕಂತ್ಲೇ ಬಾವಿಯೊಳಗೆ ಇಳಿದು ತೆಗ್ದಿದೀಯಾ?”

ಅಕ್ಕ ನಗಲಿಲ್ಲ. ಫೋನು ತೆಗೆದುಕೊಂಡು ಮೆಲ್ಲಗೆ ಕೇಳಿದಳು: “ನಾವು ಹತ್ತಿರ ಬರೋದು ನಿಂಗೆ ಇಷ್ಟ ಇಲ್ವೇನೆ?”

ಅಕ್ಕ ಹತ್ತಿರ ಬರಲಿ ಎಂದು ನಾನು ಎಷ್ಟು ವರ್ಷಗಳಿಂದ ಕಾದಿದ್ದೆ ಎನ್ನುವುದನ್ನು ಹೇಳಲಿಲ್ಲ. ಇನ್ನು ಏನು ಹೇಳಿದರೂ ಹೊಟ್ಟೆಕಿಚ್ಚಿನ ಮಾತಾಗುತ್ತಿತ್ತು. “ಬನ್ನಿ ಅಕ್ಕ,” ಎಂದೆ.

ಬಂದರು. ಹಳೆಯ ಮನೆ ಮಾರಿಯೇ ಬಂದರು. ಸಾಮಾನು ಇಳಿಸಿದ ಸಂಜೆ ನಾನೂ ಅಕ್ಕನೂ ಅಡುಗೆಮನೆಯಲ್ಲಿ ಪಾತ್ರೆ ಜೋಡಿಸುತ್ತಿದ್ದೆವು. ಭಾವ ಹೊರಗೆ ಲಾರಿಯವನ ಜೊತೆ ಮಾತಿನಲ್ಲಿದ್ದರು. ಅತ್ತೆ ಹಾಲಿನಿಂದ ಕೂಗಿ ಹೇಳಿದರು: “ನಾನು ಬಾತ್‌ರೂಮಿಗೆ ಹೊರಟೆ. ಯಾರೂ ಹಿಂದೆ ಬರ್ಬೇಡಿ. ಬಂದ್ರೆ ನೋಡಿ!”

ಅಕ್ಕ ನನ್ನ ಕೈ ಹಿಡಿದು ಕಣ್ಣರಳಿಸಿದಳು. ಗಾಲಿಯ ಸದ್ದು ಪ್ಯಾಸೇಜಿನಲ್ಲಿ ಸಾಗಿ ನಿಂತಿತು. ಒಳಗೆ ಹೋದರು ಎಂದುಕೊಂಡೆವು. ಒಂದು ಡಬ್ಬದ ಮುಚ್ಚಳ ಇನ್ನೊಂದಕ್ಕೆ ಕೂರುವುದಿಲ್ಲವೆಂದು ನಗುತ್ತ ಕೆಲಸ ಮಾಡಿದೆವು. ಬಹಳ ಹೊತ್ತಾದ ಮೇಲೆ ಅಕ್ಕನ ನಗು ನಿಂತಿತು.

ಹೋಗಿ ನೋಡಿದರೆ ಅತ್ತೆ ಪ್ಯಾಸೇಜಿನ ಕೊನೆಯಲ್ಲಿದ್ದರು. ಕುರ್ಚಿ ಅಡ್ಡಡ್ಡ ಸಿಕ್ಕಿಹಾಕಿಕೊಂಡು ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ನಿಂತಿತ್ತು. ಗೋಡೆಯ ಹೊಸ ಸುಣ್ಣದಲ್ಲಿ ಗಾಲಿ ಕೆರೆದ ಗೆರೆಗಳು. ಅವರ ಗೆಣ್ಣಿನ ಚರ್ಮ ಸುಲಿದಿತ್ತು. ಬಟ್ಟೆ ಒದ್ದೆಯಾಗಿತ್ತು. ಕೈ ಎರಡನ್ನೂ ಮಡಿಲಲ್ಲಿಟ್ಟುಕೊಂಡು, ತೆರೆದ ಬಾಗಿಲನ್ನು ನೋಡುತ್ತ ಕೂತಿದ್ದರು.

ಗಾರೆಯವನನ್ನು ಕರೆಸಿದರು. ಅವನು ಗೋಡೆ ತಟ್ಟಿ ನೋಡಿದ. “ಇದನ್ನ ಒಡೆದ್ರೆ ಮೇಲಿನ ಮನೆಯವರು ಬಂದು ನಿಮ್ಮ ಹಾಲಲ್ಲಿ ಕೂತ್ಕೋತಾರೆ ಸ್ವಾಮಿ.” ಚಿಕ್ಕ ಕುರ್ಚಿ ತಂದರು, ಮುರಿದು ಕೂಡಿದ ಸೊಂಟಕ್ಕೆ ಅದರಲ್ಲಿ ಕೂರಲಾಗಲಿಲ್ಲ. ಮಾರಿದವರ ಆಫೀಸಿಗೆ ಭಾವ ಹೋಗಿ ಜಗಳವಾಡಿದರು. ಅವರು ಫೋಟೋ ತೋರಿಸಿ, “ಪ್ಯಾಸೇಜು, ಬಾಗಿಲು ಎಲ್ಲ ಕಾಣ್ತಿದೆಯಲ್ಲ, ನಾವು ಮುಚ್ಚಿಟ್ಟಿದ್ದು ಏನಿದೆ ಹೇಳಿ?” ಎಂದರಂತೆ. ಭಾವ ಬಂದ ದಾರಿಗೆ ಸುಂಕವಿಲ್ಲವೆಂದು ಮನೆಗೆ ಬಂದರು. ನಾನಾದರೂ ಏನು ಹೇಳುತ್ತಿದ್ದೆ?

ಅಕ್ಕ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅತ್ತೆ ಮಾತ್ರ ಒಮ್ಮೆ, “ಇವಳನ್ನೇ ಕರೀರಿ, ಇನ್ನೊಂದು ಫೋಟೋ ತೆಗೀಲಿ, ಗೋಡೆ ತಾನಾಗೇ ಸರಿಯುತ್ತೆ,” ಎಂದು ನಕ್ಕರು. ನಾವ್ಯಾರೂ ನಗಲಿಲ್ಲವೆಂದು ಅವರಿಗೇ ಮುಜುಗರವಾಯಿತು.

ಈಗ ಅಕ್ಕ ಮೊದಲಿನಂತೆಯೇ ತಬ್ಬಿ ಎತ್ತುತ್ತಾಳೆ. ಸಂಜೆ ಕೆಲಸ ಬಿಟ್ಟ ಮೇಲೆ ನಾನು ಹೋಗಿ ಕಾಲಿನ ಕಡೆ ಹಿಡಿಯುತ್ತೇನೆ. ಅತ್ತೆ ನಮ್ಮಿಬ್ಬರ ಮುಖವನ್ನೂ ನೋಡುವುದಿಲ್ಲ.

ಅಡುಗೆಮನೆಗೂ ಆ ಪ್ಯಾಸೇಜಿಗೂ ನಡುವೆ ಒಂದೇ ಗೋಡೆ. ಮೆಲ್ಲಗೆ ಕರೆದಿದ್ದರೂ ನಮಗೆ ಕೇಳುತ್ತಿತ್ತು. ಅಷ್ಟು ಹೊತ್ತು ಅವರು ಯಾಕೆ ಕರೆಯಲಿಲ್ಲವೋ ನನಗೆ ಗೊತ್ತಿಲ್ಲ. ಕೇಳುವ ಧೈರ್ಯವಿಲ್ಲ, ಅವರೂ ಹೇಳಿಲ್ಲ.