ಉದ್ದಕ್ಕೆ ಮಲಗಿದವನು

ಮಸಾಯಾ ಊರಿನ ಎರ್ಮೆಲಿಂಡ ತಿಂಗಳಿಡೀ ಕೂತು ಹೆಣೆದ ತೂಗುಜೋಲಿಯನ್ನು ನೋಡಲು ಪ್ರವಾಸಿಯೊಬ್ಬ ಬಂದ. ಕರೆತಂದ ಗೈಡ್ ಅವಳ ಸೋದರಳಿಯ ಎಲಿಸೆಯೊ. ಜೋಲಿ ಮಾರಿದರೆ ಮಾತ್ರ ಅವಳ ಮನೆಯ ಒಲೆ ಉರಿಯುವಂತಿತ್ತು. ಊರಾಚೆಯ ಜ್ವಾಲಾಮುಖಿಯ ಬಾಯಿ ಬಳಿ ಹತ್ತು ನಿಮಿಷ ನಿಂತು ಬಂದ ಪ್ರವಾಸಿ, ಆ ಬೆಂಕಿಯನ್ನು ತಾನೇ ಹೊತ್ತಿಸಿದವನಂತೆ ಬೀಗುತ್ತಿದ್ದ.

ಕೇಳದೆಯೇ ಬೂಟುಗಾಲಲ್ಲಿ ಜೋಲಿ ಹತ್ತಿ, ಪೆಟ್ಟಿಗೆಯೊಳಗಿನ ಹೆಣದಂತೆ ಉದ್ದಕ್ಕೆ ಮಲಗಿದ. ಬೆನ್ನು ಬಿಲ್ಲಾಯಿತು.

“ಹೆಣಿಗೆ ಸರಿಯಿಲ್ಲ, ಬೆನ್ನು ಹಿಡಿಯುತ್ತೆ” ಎಂದು ಮುಖ ಕಿವಿಚಿದ.

“ಓರೆಯಾಗಿ ಮಲ್ಕೊಳ್ಳಿ ಅಂತ ಹೇಳು ಅತ್ತೆ, ತಗೊಂಡುಬಿಡ್ತಾರೆ” ಎಂದು ಎಲಿಸೆಯೊ ಪಿಸುಗುಟ್ಟಿದ.

“ನಮ್ಮ ಕೇರಿ ಕೂಸಿಗೂ ಗೊತ್ತಿರೋದನ್ನ ನಿನ್ನ ದೊರೆಗೆ ನೀನೇ ಕಲಿಸೋ.”

“ನಾನು ತಿದ್ದಿದ್ರೆ ಅವ್ರಿಗೆ ಅವಮಾನ ಆಗುತ್ತೆ.”

“ಈಗ ನನಗಾಗಿದ್ದು ಸನ್ಮಾನವೇನೋ?”

ಪ್ರವಾಸಿ ಪಕ್ಕದಂಗಡಿಯ ನೈಲಾನ್ ಜೋಲಿ ಕೊಂಡು, ಅದನ್ನೇ ಹೊಗಳುತ್ತ ಹೊರಟ. ಎಲಿಸೆಯೊ ಚೀಲ ಹೊತ್ತು ಹಿಂದೆ ಓಡಿದ.

ಎರ್ಮೆಲಿಂಡ ಬೂಟಿನ ಕರಿಬೂದಿಯನ್ನು ಕೊಡವಿ, ಜೋಲಿಯಲ್ಲಿ ಓರೆಯಾಗಿ ಮಲಗಿದಳು. ನೂಲು ಅಗಲವಾಗಿ ಬಿಚ್ಚಿಕೊಂಡು ಅವಳ ಬೆನ್ನನ್ನು ಮಟ್ಟಸವಾಗಿ ಹೊತ್ತಿತು. ಒಲೆ ತಣ್ಣಗಿತ್ತು. ಅವಳು ಕಣ್ಣು ಮುಚ್ಚಿದಳು.