ಮದ್ದಿನವರ ಬೋರ್ಡು

ನಮ್ಮ ಅಡ್ಡಹೆಸರು ಮದ್ದಿನ. ಮುತ್ತಜ್ಜನ ಅಪ್ಪ ಸೋಮಲಿಂಗಪ್ಪ ನೂರಮೂವತ್ತು ವರ್ಷದ ಹಿಂದೆ ಮುಧೋಳ, ಬೀಳಗಿ ಸೀಮೆಗೆಲ್ಲ ಮದ್ದು ಕೊಡುತ್ತಿದ್ದ ದೊಡ್ಡ ವೈದ್ಯನಂತೆ. ಅವನು ಬರೆದ ಪುಸ್ತಕಕ್ಕೆ ದಸರೆಗೊಮ್ಮೆ ಕುಂಕುಮ ಹಚ್ಚಿ ಕೈಮುಗಿಯುತ್ತೇವೆಯೇ ಹೊರತು ಯಾರೂ ಓದಿಲ್ಲ. ಮಾತು ಕನ್ನಡ, ಅಕ್ಷರ ಮಾತ್ರ ಹಳೇ ಮರಾಠಿ ದಫ್ತರಗಳ ಮೋಡಿ ಲಿಪಿ. ಓದಲು ಬಾರದ್ದರ ಮೇಲೆ ನಮಗೆ ಭಕ್ತಿ ಜಾಸ್ತಿ, ಏನು ಮಾಡುವುದು!

ಅಕ್ಕ ಮಧುಮತಿ ಆಯುರ್ವೇದ ಓದಿ ಜಮಖಂಡಿಯಲ್ಲಿ ದವಾಖಾನೆ ತೆರೆಯುವವಳಿದ್ದಳು. 'ಮದ್ದಿನವರ ದವಾಖಾನೆ' ಎಂದು ಬೋರ್ಡು ಬರೆಸಿ, ಕೆಳಗೆ 'ಐದು ತಲೆಮಾರಿನ ವೈದ್ಯ ಮನೆತನ' ಎಂದೂ ಸೇರಿಸಿದ್ದಳು. ದವಾಖಾನೆಯ ಪೂಜೆಗೆ ಎರಡು ದಿನ ಇರುವಾಗ ಪುಸ್ತಕ ಓದಿಸಲು ಮೋಡಿ ಬಲ್ಲ ಗೂಳಪ್ಪ ಮಾಸ್ತರರನ್ನು ಕರೆಸಿದಳು. ನಾನು ಬನಹಟ್ಟಿಯಲ್ಲಿ ಕೆಮಿಸ್ಟ್ರಿ ಕಲಿಸುವವಳು. ಕುತೂಹಲ ತಡೆಯಲಾರದೆ ರಜೆ ಹಾಕಿ ಬಂದು ಕೂತೆ.

"ಪೆಟ್ಲುಪ್ಪು, ಗಂಧಕ, ಎಕ್ಕಿ ಕಟ್ಟಿಗಿ ಇದ್ಲಿ," ಮಾಸ್ತರರು ಓದಿದರು.

"ಚರ್ಮರೋಗಕ್ಕ ಇರಬೇಕ್ರಿ," ಎಂದಳು ಅಕ್ಕ.

"ತೂತಿನ್ಯಾಗ ತುಂಬಿ, ಬತ್ತಿ ಹಚ್ಚಿದವ ಹೊಳ್ಳಿ ನೋಡದ ಓಡಬೇಕು."

ನಾನು ಗೊಳ್ಳೆಂದು ನಕ್ಕೆ. "ಇದು ರೋಗದ ಮದ್ದಲ್ಲ ಬೇ ಅಕ್ಕಾ. ಕಲ್ಲ ಒಡಿಯೂ ಮದ್ದು!"

"ಹಿರ್‍ಯಾರನ್ನ ನೋಡಿ ನಗತಿಯೇನ?" ಎಂದು ಆಯಿ, ಅಂದರೆ ನಮ್ಮ ಅಜ್ಜಿ ಇಂದ್ರವ್ವ, ನನ್ನ ಮೇಲೆ ಹರಿಹಾಯ್ದಳು.

ಅಕ್ಕ ಗೋಡೆಗೆ ಒರಗಿಸಿದ್ದ ಬೋರ್ಡನ್ನೇ ನೋಡುತ್ತಿದ್ದಳು. "ಸುಳ್ಳ ಬೋರ್ಡಿನ ಕೆಳಗ ಕುಂತು ನಾ ಹ್ಯಾಂಗ ನಾಡಿ ಹಿಡೀಲಿ?" ಎಂದಳು. ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು.

ಆದರೂ ಮುಂದೇನು ಎಂಬ ಆಸೆ ಬಿಡಬೇಕಲ್ಲ! ಮಾಸ್ತರರು ಓದುತ್ತ ಹೋದರು. ಸೋಮಲಿಂಗಪ್ಪ ಸಾಮಾನ್ಯ ಆಸಾಮಿಯಲ್ಲ. ತೇವಕ್ಕೆ ಮದ್ದು ಕೆಡುತ್ತದೆಂದು ರಬಕವಿ ನೇಕಾರರ ಬಟ್ಟೆಗೆ ಜೇನುಮೇಣ ಸವರಿ ಅದರಲ್ಲಿ ಸುತ್ತಿದ್ದ. ಹನ್ನೊಂದು ಸಲ ಕೆಟ್ಟು ಹನ್ನೆರಡನೆಯದು ನೀರಲ್ಲೂ ಸಿಡಿದಿತ್ತು. ಮಹಾಲಿಂಗಪುರದಲ್ಲಿ ಅಂಗಡಿ ಹಾಕಿ, ಬಾವಿ ತೋಡುವವರಿಗೆಲ್ಲ ಮಾರಿದ್ದ. ಮದುವೆಗೆ ಬಾಣಬಿರುಸು ಕೊಡಲು ಹೋಗಿ ಒಂದು ಹಂದರ ಸುಟ್ಟಿದ್ದೇ ತಡ, ಬಾಣಬಿರುಸಿನ ವ್ಯಾಪಾರ ಅಲ್ಲಿಗೇ ಮುಗಿದಿತ್ತು.

ಆಮೇಲಿನ ಪುಟಕ್ಕೆ ಮಾಸ್ತರರ ದನಿ ಇಳಿಯಿತು. "ಹುನ್ನೂರ ಬಾವಿ. ಬತ್ತಿ ಗಿಡ್ಡ ಆತು. ಮಗ ಬಾಳೇಶಗ ಓಡಾಕ ಆಗಲಿಲ್ಲ."

ಅಲ್ಲಿಂದಾಚೆ ಗಂಧಕದ ಮಾತೇ ಇಲ್ಲ. ಲೋಳಸರ, ಎಳ್ಳೆಣ್ಣೆ, ಅದೇ ಜೇನುಮೇಣ. ಪುಟಗಟ್ಟಲೆ ಸುಟ್ಟ ಗಾಯದ ಮದ್ದು. ಇದು ಉರಿಯಿತು, ಇದು ತಂಪಾಯಿತು ಎಂದು ದಿನದಿನವೂ ಬರೆದಿದ್ದ. ಕೊನೆಗೆ ಒಂದು ಸಾಲು: "ಇವತ್ತ ಬಾಳೇಶ ತಾನ ಉಂಡ."

ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅವ ಅಂದ್ರ ನಮ್ಮ ಮಾವನೋರ. ಬ್ಯಾಸಗ್ಯಾಗೂ ತುಂಬತೋಳಿನ ಅಂಗಿ ಬಿಚ್ಚತಿರಲಿಲ್ಲ. ಯಾಕಂತ ನನಗ ಇವತ್ತ ತಿಳೀತು ನೋಡ."

ಮರುದಿನ ಅಕ್ಕ ಪೇಂಟರನನ್ನು ಕರೆಸಿ ತಲೆಮಾರಿನ ಸಾಲನ್ನು ಅಳಿಸಿದಳು. ಮೇಲಿನ 'ಮದ್ದಿನವರ ದವಾಖಾನೆ'ಗೂ ಅವನು ಬ್ರಶ್ ಎತ್ತಿದಾಗ ಕೈ ತಡೆದಳು.

"ಅದ ಇರಲಿ. ಅದು ಖರೆ ಐತಿ."