ಕಿವಿರಿನ ಬೋಗುಣಿ

"ನಿಮ್ಮ ತಲೆ ಹೇನೇ ಕಣ್ರೇ ನನ್ನ ಕೆರೆಗೆ ಬಿದ್ದಿರೋದು, ಕೊಳಕು ಮುಂಡೇವಾ!"

ಧಣಿ ಗ್ವೋಜ್ದೆನ್ ಎಸೆದ ಗೆಂಡೆಮೀನು ಸ್ತಾಮೆನಜ್ಜಿಯ ಎದೆಗೆ ಬಡಿದು ಕೆಸರಿಗೆ ಬಿತ್ತು. ಅಜ್ಜಿ ಅದನ್ನೆತ್ತಿ ಕಿವಿರಿನ ಮುಚ್ಚಳ ಸರಿಸಿದಳು. ಕೆಂಪಗಿರಬೇಕಾದ ಕಿವಿರು ಬೆಳ್ಳಗೆ ಊದಿತ್ತು, ತುದಿಯೆಲ್ಲ ತಿಂದುಹೋಗಿ ಲೋಳೆ ಸುರಿಯುತ್ತಿತ್ತು. ರವೆಯಂಥ ಮೀನುಹೇನುಗಳು ಸಾಲಾಗಿ ಕಚ್ಚಿಕೊಂಡಿದ್ದವು.

"ಬ್ಯಾಸಗೇಲೇ ಹೇಳಿದ್ನಲ್ಲ ಧಣಿ, ಒಂದು ಕೆರೇಲಿ ಎರಡು ಕೆರೆ ಮೀನು ತುಂಬಬ್ಯಾಡಿ, ಉಸಿರಿಗೆ ಬಾಯಿ ಬಿಡ್ತಾವೆ ಅಂತ. ತಲೆ ಹೇನು ನೀರಲ್ಲಿ ಬದುಕ್ತದಾ?"

"ಜಿಪ್ಸಿ ಮುಂಡೆ, ನಂಗೇ ಪಾಠ ಹೇಳ್ತೀಯಾ? ನಿಕೊಲಾ ಸಂತನ ಹಬ್ಬ ಮುಗೀಲಿ, ಕೆರೆ ದಡದ ಕೋಣೆ ಖಾಲಿ ಮಾಡು!"

ಮೂವತ್ತು ವರ್ಷದಿಂದ ಅಜ್ಜಿ ಇದ್ದ ಕೋಣೆ ಅದು. ಪಕ್ಕದಲ್ಲೇ ಬಲೆ ಎಳೆಯುತ್ತಿದ್ದ ನಾನು ಬಲೆಯನ್ನು ಕೆಸರಿಗೆ ಬಿಸಾಕಿದೆ.

ಹಬ್ಬಕ್ಕೆ ಎರಡೇ ದಿನ. ಮಾಂಸ ಮುಟ್ಟದ ಉಪವಾಸದ ಕಾಲ, ಮನೆಮನೆಗೂ ಗೆಂಡೆಯೇ ಬೇಕು. ಕೊಳ್ಳುವವರು ಮೊದಲು ಕಿವಿರೆತ್ತಿ ನೋಡುತ್ತಾರೆ. ಅದಕ್ಕೇ ಕಿವಿರನ್ನೇ ಕತ್ತರಿಸಿ ಎಸೆಯಿರಿ ಎಂದ ಧಣಿ. "ಕೇಳಿದ್ರೆ, ನಿಮಗೋಸ್ಕರ ಚೊಕ್ಕ ಮಾಡಿದ್ದೀವಿ ಅನ್ನಿ." ನಾವು ಹನ್ನೆರಡು ಹೆಂಗಸರು ಕೈ ಮರಗಟ್ಟುವ ತನಕ ಕತ್ತರಿಸಿದೆವು. ಅಜ್ಜಿ ಒಂದು ಬೋಗುಣಿ ತುಂಬ ಕಿವಿರು ಎತ್ತಿಟ್ಟಳು.

"ಯಾಕಜ್ಜಿ, ಬೆಕ್ಕಿಗಾ?"

"ಊಂ ಕಣೇ ಸೆಂಕಾ. ದೊಡ್ಡ ಬೆಕ್ಕಿಗೆ."

ನಿಕೊಲಾ ಸಂತ ಗ್ವೋಜ್ದೆನನ ಮನೆದೇವರು. ಮನೆದೇವರ ಹಬ್ಬಕ್ಕೆ ನಮ್ಮ ಕಡೆ ಯಾರನ್ನೂ ಕರೆಯುವುದಿಲ್ಲ, ಬರುವವರು ತಾವೇ ಬರುತ್ತಾರೆ. ಬಂದವರನ್ನು ಹೊರಗೆ ಹಾಕುವಂತೆಯೂ ಇಲ್ಲ. ಇಷ್ಟು ವರ್ಷ ಅದು ನಮಗೆ ಹೊಳೆದೇ ಇರಲಿಲ್ಲ, ಎಂಥಾ ದಡ್ಡಿಯರು ನಾವು! ಹಬ್ಬದ ಮಧ್ಯಾಹ್ನ ನಾವು ಹನ್ನೆರಡು ಮಂದಿಯೂ ಕೆಸರು ಬೂಟುಗಳಲ್ಲೇ ಧಣಿಯ ಮನೆಯೊಳಗೆ ನುಗ್ಗಿದೆವು. ಊಟದ ಮೇಜಿನಲ್ಲಿ ಪಾದ್ರಿಯ ಸುತ್ತ ಬೆಲ್‌ಗ್ರೇಡಿನ ಮೀನು ವ್ಯಾಪಾರಿಗಳು ಕೂತಿದ್ದರು.

"ಬ... ಬನ್ನಿ," ಎಂದ ಧಣಿ. ಅನ್ನದೆ ವಿಧಿಯಿರಲಿಲ್ಲ.

ಅಜ್ಜಿ ಬೋಗುಣಿಯನ್ನು ಪಾದ್ರಿಯ ತಟ್ಟೆಯ ಪಕ್ಕಕ್ಕೇ ಇಟ್ಟು ಮುಚ್ಚಿದ ಬಟ್ಟೆ ತೆಗೆದಳು.

"ಸ್ವಾಮೇರಾ, ಇದು ನಿಮ್ ತಟ್ಟೆ ಮೀನಿನ ಕಿವಿರು. ಅದರಾಗಿನ ಹೇನು ನನ್ ತಲೇದಂತೆ. ನೀವೇ ಹುಡುಕಿ ನೋಡಿ."

ತಲೆವಸ್ತ್ರ ಬಿಚ್ಚಿದಳು. ಎರಡು ವರ್ಷದ ಹಿಂದೆ ಕಾಯಿಲೆಯಲ್ಲಿ ಕೂದಲೆಲ್ಲ ಉದುರಿದ ತಲೆ ನುಣ್ಣಗೆ ಹೊಳೆಯಿತು.

ವ್ಯಾಪಾರಿಯೊಬ್ಬ ಬಾಯಲ್ಲಿದ್ದ ತುತ್ತನ್ನು ಅಂಗೈಗೆ ಉಗಿದ. ಪಾದ್ರಿಯ ಫೋರ್ಕು ಗಡ್ಡದ ಹತ್ತಿರವೇ ನಿಂತಿತು.

"ತಿನ್ನಿ ಸ್ವಾಮೇರಾ, ಬೆಂದ ಹೇನು ಕಚ್ಚಾಕಿಲ್ಲ."

"ಎದ್ದೋಗ್ರೇ..." ಎನ್ನಲು ಹೋದ ಧಣಿ, ಪಾದ್ರಿ ಕಣ್ಣು ಬಿಟ್ಟಿದ್ದೇ ಬಾಯಿ ಮುಚ್ಚಿಕೊಂಡ.

ಅಜ್ಜಿ ಕುರ್ಚಿ ಎಳೆದು ಧಣಿಯ ಎದುರಿಗೇ ಕೂತಳು. "ನಾಳೆ ಕೋಣೆಯಿಂದ ಹೊರಗೆ ಹಾಕ್ತಾನೋ ಏನೋ. ಇವತ್ತು ಹಾಕಂಗಿಲ್ಲ. ಸೆಂಕಾ, ಆ ರೊಟ್ಟಿ ಇತ್ಲಾಗೆ ತಾ."

ನಾವೂ ಕುರ್ಚಿ ಎಳೆದೆವು.